ಪೆನ್ಸಿಲ್ ಸಿಪ್ಪೆ

ಮಕ್ಕಳೆಲ್ಲ ಹೋದ ಮೇಲೆ ಬಣ್ಣದ ಲೋಟ ತೊಳೆಯುವವಳು ನಾನು.
ಹೆಸರು ನಾನುಲಿ. ಕಸ ಗುಡಿಸುವುದು, ಒಲೆಗೆ ಕಟ್ಟಿಗೆ ಒಟ್ಟುವುದು,
ಗಂಟೆ ಹೊಡೆಯುವುದೂ ನನ್ನದೇ.
ಲೋಟದ ತಳದ ನೀರು ನೋಡಿಯೇ ಹೇಳಬಲ್ಲೆ
ಇವತ್ತು ಯಾರು ಯಾರೊಡನೆ ಮಾತು ಬಿಟ್ಟರೆಂದು.

ನಮ್ಮದು ಅಚ್ಚು ಹೊಯ್ದ ಊರು.
ಯುದ್ಧ ನಿಂತ ವರ್ಷ, ಹಿಮ ಬೀಳುವುದರೊಳಗೆ
ತ್ಬಿಲಿಸಿಯ ಹೆದ್ದಾರಿ ಪಕ್ಕ ಬಯಲಲ್ಲಿ ಎದ್ದದ್ದು.
ಸಾಲು ಮನೆ, ಸಾಲು ಮನೆ, ಒಂದೇ ಕೆಂಪು ಮಾಡು,
ಒಂದೇ ಅಳತೆಯ ಅಂಗಳ. ಒಂದು ಅಕ್ರೋಟದ ಮರವಿಲ್ಲ.
ಮೊದಲ ವಾರ ಗಂಡಸರೂ ತಪ್ಪು ಬಾಗಿಲು ಬಡಿದರು.
ತೆರೆದವರು ನಗಲಿಲ್ಲ.
ಕೂರಿಸಿ, ಚಹಾ ಕೊಟ್ಟು ಕಳಿಸಿದರು.

ಫೆಬ್ರವರಿಯಲ್ಲಿ ಬಂದಳು ತ್ಸಿಯಾಲಾ,
ಎರಡು ಟ್ರಂಕು ಬಣ್ಣ, ಒಂದು ಮೂಟೆ ಜೇಡಿಮಣ್ಣು.
ಡ್ರಾಯಿಂಗ್ ಟೀಚರ್ ಅಂದುಕೊಂಡೆವು. ಅಲ್ಲವಂತೆ.
ಅಂಕವಿಲ್ಲ, ಭೇಷ್ ಅನ್ನುವಂತಿಲ್ಲ,
ಇದೇನು ಎಂದು ಕೇಳುವಂತೂ ಇಲ್ಲ.
'ಮತ್ತೆ ನೀವು ಮಾಡುವುದೇನು?' ಅಂದರು ಹೆಡ್‌ಮಿಸ್ಟ್ರೆಸ್.
'ಪಕ್ಕದಲ್ಲಿ ಕೂರುತ್ತೇನೆ.'

ಕೂತಳು, ನಿಜಕ್ಕೂ.
ತೆಕ್ಲೆ ಮಣ್ಣನ್ನು ಕಚ್ಚಿ ಹಲ್ಲಿನ ಗುರುತು ನೋಡಿಕೊಂಡಳು.
ಅವಳಿಗಳು ಒಂದೇ ಹಾಳೆಗೆ ಕಿತ್ತಾಡಿ ಹರಿದು
ಎರಡೂ ತುಂಡಿಗೆ ನೀಲಿ ಬಳಿದರು.
ಗೆಲಾ ಮಾತ್ರ ಒಂದು ಗೆರೆ ಎಳೆಯಲಿಲ್ಲ.
ಒಂಬತ್ತು ವರ್ಷದ ಹುಡುಗ,
ಕಿಟಕಿಗೆ ಬೆನ್ನು ಕೊಟ್ಟು ಮೆಂಡರ್ ತಿರುಗಿಸುತ್ತಿದ್ದ.
ಕಂದು, ಹಳದಿ, ಮತ್ತೆ ಕಂದು.
ಮೊನೆ ಬಂದರೂ ನಿಲ್ಲಿಸ.
ಲಂಗದ ನೆರಿಗೆಯಂತೆ ಸುರುಳಿ ಸುರುಳಿ ಸಿಪ್ಪೆ
ಅವನ ಮೊಣಕಾಲಿನ ಸುತ್ತ.

ನಾನು ಪೊರಕೆ ತಂದೆ.
ತ್ಸಿಯಾಲಾ ತಲೆಯಾಡಿಸಿದಳು: ಬೇಡ.
ಮಾರ್ಚ್ ಮುಗಿಯುವಾಗ ಪೆನ್ಸಿಲ್‌ಗಳೆಲ್ಲ ಕಿರುಬೆರಳಾದವು.
ಲೆಕ್ಕದ ಪುಸ್ತಕ ಹಿಡಿದು ಹೆಡ್‌ಮಿಸ್ಟ್ರೆಸ್ ಬಂದರು,
ಬೈಯಲೆಂದೇ ಬಂದವರು,
ಆ ಮೂಲೆ ನೋಡಿ ಸುಮ್ಮನೆ ಹೋದರು.
ಮರುದಿನ ಹೊಸ ಡಬ್ಬಿ ಮೇಜಿನ ಮೇಲಿತ್ತು.
ಇಟ್ಟವರು ಯಾರೋ, ಲೆಕ್ಕದಲ್ಲಿಲ್ಲ.

ಏಪ್ರಿಲಿನ ಒಂದು ಬುಧವಾರ ಗೆಲಾ ಅಂಟು ಕೇಳಿದ.
ಸಿಪ್ಪೆಯ ಮೇಲೆ ಸಿಪ್ಪೆ, ರೆಪ್ಪೆ ಮಿಟುಕಿಸದೆ ಅಂಟಿಸಿದ.
ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ ನಾನು.
ಕೋಳಿ. ಒಂದಲ್ಲ, ಹನ್ನೊಂದು.
ಪುಕ್ಕ ಕೆದರಿದ್ದು, ಕತ್ತು ಚಾಚಿದ್ದು, ಒಂದು ಪಿಳ್ಳೆ.
ಬಾಯಿ ತಡೆಯಲಿಲ್ಲ, ನಿಯಮ ಮರೆತು ಕೇಳಿದೆ:
'ಕಾಲೆಲ್ಲಿ ಮಗೂ, ಇವಕ್ಕೆ?'

'ಗೂಡಿನ ಅಗಣಿ ತೆಗೆದು ಬಾ ಎಂದಿದ್ದ ಅಜ್ಜ.
ಲಾರಿ ಹೊರಟಿತ್ತು.
ತೆಗೆದೆ ಅಂದೆ.
ತೆಗೆದಿರಲಿಲ್ಲ.'

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು.
ತ್ಸಿಯಾಲಾ ಏನೂ ಹೇಳಲಿಲ್ಲ.
ನಿನ್ನ ತಪ್ಪಲ್ಲ ಅನ್ನಬಹುದೆಂದು ಕಾದೆ. ಅದನ್ನೂ ಅನ್ನಲಿಲ್ಲ.
ಇನ್ನಷ್ಟು ಹತ್ತಿರ ಸರಿದು, ಅಂಟಿನ ಡಬ್ಬಿಯ ಮುಚ್ಚಳ
ತೆರೆದಂತೆಯೇ ಹಿಡಿದು ಕೂತಳು.

ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು.
ಸೋಮವಾರ ಅವನು ಅವಳಿಗಳಲ್ಲೊಬ್ಬನ ಮೂಗಿಗೆ ಗುದ್ದಿದ.
ಮತ್ತೊಂದು ವಾರ ಮೆಂಡರೇ ಗತಿ.
ಆದರೆ ಕಿಟಕಿಗೆ ಮುಖ ಮಾಡಿ ಕೂರುತ್ತಾನೆ ಈಗ,
ಅಜ್ಜ ಕರೆಯಲು ಬಂದರೆ ಟೇಬಲ್ ಕೆಳಗೆ ನುಸುಳುವುದಿಲ್ಲ.

ನಾನೂ ಬಿಟ್ಟು ಬಂದವಳೇ.
ಹಿಟ್ಟು ನಾದಿ, ಬಟ್ಟೆ ಮುಚ್ಚಿ, ಉಬ್ಬಲೆಂದು ಇಟ್ಟಿದ್ದೆ.
ಎಷ್ಟು ಉಬ್ಬಿತೋ. ಯಾವಾಗ ಕುಸಿಯಿತೋ.
ಸಾಯುವ ಮಾತಾಡುವವರ ನಡುವೆ
ಹಿಟ್ಟಿನ ಮಾತು ಹೇಗೆ ಎತ್ತಲಿ?
ಲೋಟ ತೊಳೆಯುತ್ತ ನಿಂತಿದ್ದೆ ನಿನ್ನೆ,
ತ್ಸಿಯಾಲಾ ಒಂದು ಮುದ್ದೆ ಜೇಡಿಮಣ್ಣು ತಂದು
ನನ್ನ ಪಕ್ಕ, ತೊಟ್ಟಿಯ ಅಂಚಿಗಿಟ್ಟಳು.
'ಕೈ ಒದ್ದೆ' ಅಂದೆ.
'ಒದ್ದೆಯೇ ಇರಲಿ' ಅಂದಳು.