ನಾಲ್ಕು–ಐದರ ನಡುವೆ

ಕೌಲ್ ಬಜಾರಿನ ಮಹಡಿಯಲ್ಲಿ, ತಗಡಿನ ಕೆಳಗೆ,
ನಾನು ಜೀನ್ಸಿಗೆ ಸೊಂಟಪಟ್ಟಿ ಕೂಡಿಸುವವ.
ಇಪ್ಪತ್ತೆಂಟರಿಂದ ನಲವತ್ತರ ತನಕ
ಕಾಣದ ಊರಿನ ಕಾಣದ ಸೊಂಟಗಳೆಲ್ಲ
ನನ್ನ ಕೈ ದಾಟಿಯೇ ಹೋಗಿವೆ.
ಹತ್ತೊಂಬತ್ತು ವರ್ಷ. ದಿನಕ್ಕೆ ಇನ್ನೂರು.
ನನ್ನದು ಮಾತ್ರ ಯಾರ ಅಳತೆಗೂ ಬಂದಿರಲಿಲ್ಲ,
ಒಂದು ದಿನ ಬಟ್ಟೆಯ ಗಂಟು ಎತ್ತುವಾಗ
'ಟಕ್' ಅಂತ ತಾನೇ ಹೆಸರು ಹೇಳಿಕೊಳ್ಳುವ ತನಕ.

ಆಮೇಲೆ ನೋವು ದಾರದ ಹಾಗೆ ಓಡಿತು:
ಬಲಗಡೆ ಕುಂಡೆಯಿಂದ ತೊಡೆಯ ಹಿಂದೆ,
ಮೀನಖಂಡದ ಹೊರಮಗ್ಗುಲು ಹಿಡಿದು
ಹೆಬ್ಬೆರಳ ತುದಿಗೆ ಬಂದು ಗಂಟು.
ಯಾರೋ ಅಲ್ಲಿ ಕೂತು ಎಳೆಯುತ್ತಿದ್ದರು
ರಾತ್ರಿಯೆಲ್ಲ.
ಬೆಳಗಿನ ನಾಲ್ಕು–ಐದರ ನಡುವೆ ಇನ್ನೂ ಜೋರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
"ಇಲ್ಲಿ ನೋಡು, ನಾಲ್ಕು ಐದರ ನಡುವೆ" ಅಂದರು.
ನನಗೆ ನಗು. ಹೊತ್ತು ಕೂಡ ಗೊತ್ತಾಗುತ್ತದೆಯೇ ಅದರಲ್ಲಿ!
ಎರಡು ಮಣಿಗಳ ನಡುವಿನ ಗಾದಿ ಹರಿದು
ಹತ್ತಿ ಹೊರಬಂದ ಹಾಗೆ ಏನೋ
ಪಕ್ಕದ ನರದ ಮೇಲೆ ಕೂತಿತ್ತು.

"ಕೊಯ್ದು ತೆಗೆದರೆ ಕಾಲಿಂದು ಹೋಗ್ತದೆ, ಬಹುಪಾಲು.
ಸೊಂಟದ್ದಕ್ಕೆ ಮಾತು ಕೊಡಲಾರೆ.
ಕೊಯ್ಯದಿದ್ದರೂ ಹೋದೀತು, ತಡ ಆಗ್ತದೆ.
ಪಾದ ಜೋತುಬಿದ್ದಿಲ್ಲ, ಉಚ್ಚೆ ನಿಂತಿಲ್ಲ, ನನಗೆ ಅವಸರ ಇಲ್ಲ.
ನಿನಗೆ ಎಷ್ಟಿದೆ, ನೀನೇ ಹೇಳು."

ಬಜಾರಿನಲ್ಲಿ ಬಟ್ಟೆ ಹರವಿದ ಯಾರೂ
ಇಷ್ಟು ನಿಜ ಹೇಳಿದ್ದು ನಾ ಕಂಡಿಲ್ಲ.
ಆ ನಿಜ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ
ಅರ್ಧ ತಾಸು ನಿಂತೆ.
ಕೂರಲು ಆಗುತ್ತಿರಲಿಲ್ಲ.

ಮುಂದಿನ ಮಿಷನ್ನಿನ ವನ್ನೂರಸಾಬನದೂ ಅದೇ ಫಿಲ್ಮು,
ಅದೇ ಮಣಿ. ಕಾಲು ಎಡ.
"ಬೆನ್ನಿಗೆ ಕತ್ತಿ ಬ್ಯಾಡಪ್ಪ" ಅಂದ.
ಗುಳಿಗೆ ನುಂಗಿದ, ಚಾಪೆ ಹಿಡಿದ,
ಆಮೇಲೆ ಬಿಸಿಲೇರುವ ಮೊದಲು
ಕೋಟೆಗುಡ್ಡದ ಬದಿಗೆ ದಿನಾ ಹತ್ತು ಹೆಜ್ಜೆ ಹೆಚ್ಚಿಗೆ.
ನಾನು ಹೆಂಡತಿಯ ಎರಡು ಬಳೆ ಅಡವಿಟ್ಟು
ಮೇಜಿನ ಮೇಲೆ ಬೋರಲು ಮಲಗಿದೆ.

ಎಚ್ಚರಾದಾಗ ಹೆಬ್ಬೆರಳು ಸುಮ್ಮನಿತ್ತು.
ಕರೆಂಟು ಹೋಗಿ ಮಿಷನ್ನುಗಳೆಲ್ಲ
ಒಮ್ಮೆಗೇ ನಿಂತಾಗಿನಷ್ಟು ಸುಮ್ಮನೆ.
ಆ ರಾತ್ರಿಯೂ ನಿದ್ದೆ ಬರಲಿಲ್ಲ, ಸುಖಕ್ಕೆ.

ಹೊಲಿಗೆ ನನ್ನ ಕಣ್ಣಿಗೆ ನಿಲುಕದ ಜಾಗದಲ್ಲಿ. ಹೆಂಡತಿ ಎಣಿಸಿದಳು:
"ಐದು. ಕೊನೇದು ಒಂಚೂರು ಸೊಟ್ಟ."
ನಮ್ಮ ಮೇಸ್ತ್ರಿಯಾಗಿದ್ದರೆ ಬಿಚ್ಚಿಸುತ್ತಿದ್ದ.

ಗುಂಡಿ ಹಚ್ಚುವ ಮಾರೆಕ್ಕ
ಎರಡು ಸಲ ಕೊಯ್ಸಿಕೊಂಡಿದ್ದಾಳೆ.
ಇನ್ನೂ ಗೋಡೆ ಹಿಡಿದೇ ನಡೆಯುತ್ತಾಳೆ.
ನನ್ನ ಹೆಬ್ಬೆರಳ ಸುದ್ದಿ ಅವಳೆದುರು ತೆಗೆಯುವುದಿಲ್ಲ.

ಈಗ ಎರಡು ವರ್ಷ. ಬೇಸಿಗೆ ಮತ್ತೆ ತಗಡಿನ ಮೇಲೆ ಕೂತಿದೆ.
ವನ್ನೂರಸಾಬ ಅಲ್ಲೇ, ನಾನು ಇಲ್ಲೇ.
ಅವನ ಕಾಲೂ ಬಿಟ್ಟಿತು, ಎಂಟನೇ ತಿಂಗಳ ಸುಮಾರಿಗೆ,
ಯಾವ ದಿನ ಅಂತ ಅವನಿಗೇ ನೆನಪಿಲ್ಲ.
ಇಬ್ಬರಿಗೂ ಈಗ ನೂರೈವತ್ತೇ ಪೀಸು.
ಇಬ್ಬರಿಗೂ ಬಗ್ಗಿ ಚಪ್ಪಲಿ ಹುಡುಕುವಾಗ
ಸೊಂಟ ಏನೋ ಒಂದು ಮಾತು ಕೇಳುತ್ತದೆ.

"ಹಂಗಾರ ಆ ಬಳಿ ಹೋಗಿದ್ದು ಯಾತಕ್ಕ?" ಅನ್ನುತ್ತಾನೆ,
ಮಂಡಕ್ಕಿ ಒಗ್ಗರಣೆ ತಿನ್ನುತ್ತ, ನಿಂತೇ.

ನಾನು ಲೆಕ್ಕ ಹಾಕುತ್ತೇನೆ.
ಅವನು ಗೋಡೆಗೊರಗಿ ಹಲ್ಲು ಕಚ್ಚಿ ದಾಟಿಸಿದ
ಅಷ್ಟೂ ತಿಂಗಳ ನಾಲ್ಕು–ಐದುಗಳನ್ನು
ನಾನು ನಿದ್ದೆಯಲ್ಲಿ ಕಳೆದಿದ್ದೆ.
ಎರಡು ಬಳೆಗೆ ಇನ್ನೂರು ಬೆಳಗು.
ದುಬಾರಿಯೋ, ಅಗ್ಗವೋ?
ಹೆಂಡತಿಯ ಬರಿಗೈ ಕಂಡ ದಿನ ಒಂದು ಉತ್ತರ,
ಅವಳೇ "ಮಲ್ಕೊ, ಇನ್ನೂ ಹೊತ್ತೈತಿ" ಅಂದ ದಿನ ಇನ್ನೊಂದು.

ತಾಸಿಗೊಮ್ಮೆ ಇಬ್ಬರೂ ಎದ್ದು ನಿಲ್ಲುತ್ತೇವೆ,
ಕೈ ಸೊಂಟಕ್ಕೆ. ಮೇಸ್ತ್ರಿ ಬೈಯುತ್ತಾನೆ.
ಮೆಲ್ಲಗೆ ಕೂತು ಮುಂದಿನ ಪ್ಯಾಂಟು ಎಳೆದುಕೊಳ್ಳುತ್ತೇನೆ:
ಮೂವತ್ತನಾಲ್ಕು.
ಯಾರದೋ.