ಚಕ್ಕುಬಂದಿ

ಪೂರ್ವಕ್ಕೆ ನೀರು.
ಪಶ್ಚಿಮಕ್ಕೆ ನೀರು.
ಉತ್ತರಕ್ಕೆ ನೀರು, ದಕ್ಷಿಣಕ್ಕೂ ಅದೇ
ಅಂತ ಬರೆದುಕೊಟ್ಟೆ, ಆಲೂರಿನ ಕಚೇರಿಯಲ್ಲಿ.
ಕನ್ನಡಕ ಹಣೆಗೇರಿಸಿ ಗುಮಾಸ್ತರು ಕೇಳಿದರು:
‘ನೀರು ಅಂದ್ರೆ? ಬಾಜುದಾರರ ಹೆಸರು ಬರಿಯಮ್ಮ.’

ನಮ್ಮ ಗಡ್ಡೆಗೆ ಅರ್ಜಿ ಬರೆಯುವವಳು ನಾನು.
ಒಂಬತ್ತನೇ ಕ್ಲಾಸಿಗೆ ಬಿಟ್ಟವಳು, ಆದರೂ
ಹದಿನೇಳು ಮನೆಯ ಕಷ್ಟ ನನ್ನ ಕೈಬರಹದಲ್ಲೇ
ಫೈಲಿನೊಳಗೆ ಮಲಗಿದೆ.
‘ಮಾನ್ಯರೇ’ ಅಂತ ಶುರು, ‘ತಮ್ಮ ವಿಶ್ವಾಸಿ’ ಅಂತ ಕೊನೆ,
ನಡುವೆ ನಾವು.

ಹೇಮಾವತಿ ಏರಿದ ವರ್ಷ
ಕಾಗದದ ಮೇಲೆ ಊರು ಪೂರ್ತಿ ಮುಳುಗಿತಂತೆ.
ನೀರಿಗೆ ಅಷ್ಟು ಓದುಬರಹ ಇರಲಿಲ್ಲ,
ಬಸವನ ಗುಡಿಯ ಮೆಟ್ಟಿಲು ಮುಟ್ಟಿ ನಿಂತುಬಿಟ್ಟಿತು.
ಪಟ್ಟೆ ಇದ್ದವರು ಪರಿಹಾರ ತಗೊಂಡು ಹೋದರು.
ಪಟ್ಟೆ ಇಲ್ಲದ ತಾತ ದೊಡ್ಡೀರಯ್ಯ
ಒಂದು ಆಡು, ಒಂದು ಒನಕೆ ಹೊತ್ತು ದಿಬ್ಬ ಹತ್ತಿದ.

ದಡದಲ್ಲಿ ನಾನೂರಿದ್ದ ಸಿಮೆಂಟು ಚೀಲ
ಹರಿಗೋಲಿಂದ ಇಳಿವಾಗ ನಾನೂರೆಪ್ಪತ್ತು.
ಇಲ್ಲಿಂದ ಹೊರಟ ಹಾಲು ಮಾತ್ರ
ಆ ದಡ ಮುಟ್ಟುವಷ್ಟರಲ್ಲಿ ಅಗ್ಗ.
ಡೈರಿ ಬಾಗಿಲು ಆರೂವರೆಗೆ ಮುಚ್ಚುತ್ತದೆ;
ಹಿನ್ನೀರಿನ ಮಂಜು ಎಂಟರವರೆಗೆ ಏಳುವುದಿಲ್ಲ.
ಗಂಗಮಾಳಮ್ಮ ಎರಡು ದಿನ ಕ್ಯಾನು ಹೊತ್ತು ತಿರುಗಿ ಬಂದು
ಮೂರನೇ ದಿನ ಹಸುವಿಗೇ ಬೈದಳು,
ಆಮೇಲೆ ಅದರ ಕೊರಳು ತಬ್ಬಿ ಕೂತಳು.

ಮೀನು ನಮ್ಮದಲ್ಲ, ಟೆಂಡರಿನದು.
ಬಲೆ ನಮ್ಮದು, ರಾತ್ರಿ ನಮ್ಮದು, ಕೆಮ್ಮು ನಮ್ಮದು.
ಏಳು ಕೇಜಿ ಕಾಟ್ಲ ಗುತ್ತಿಗೆದಾರನ ತಕ್ಕಡಿಯಲ್ಲಿ
ಆರೂಕಾಲು. ಕೇಳಿದರೆ
‘ನೀರು ಇಳಿದಿರಬೇಕು’ ಅನ್ನುತ್ತಾರೆ.

ಹರಿಗೋಲಿಗೆ ಲೈಸೆನ್ಸು ಮಾಡಿಸಿ ಅಂದರು.
ಫಾರಮ್ಮಿನಲ್ಲಿ ಎಂಜಿನ್ ನಂಬರಿಗೊಂದು ಕಲಮು.
ಹುಟ್ಟು ಹಾಕುವ ಕರಿಹೈದ ತನ್ನ ರಟ್ಟೆ ತೋರಿಸಿದ.
ಯಾರೂ ನಗಲಿಲ್ಲ.
‘ಅನ್ವಯಿಸುವುದಿಲ್ಲ’ ಅಂತ ಬರೆದೆ.
‘ಖಾಲಿ ಬಿಟ್ಟಿದ್ದರೆ ಆಗುತ್ತಿತ್ತು. ಈಗ ಹೊಸ ಫಾರಂ ಬೇಕು.’
ಹೊಸ ಫಾರಂ ಸೋಮವಾರ.
ಸೋಮವಾರ ಗಾಳಿ.

ರೇಷನ್ನಿನ ದಿನ ಬೇರೆ.
ಗಡ್ಡೆಯ ಮೇಲೆ ನೆಟ್‌ವರ್ಕ್ ಇಲ್ಲ,
ನಡುನೀರಿನಲ್ಲಿ ಎರಡು ಕಡ್ಡಿ ಸಿಗುತ್ತದೆ.
ಅಂಗಡಿಯ ಪುಟ್ಟಶಾಮಿ ಮಿಷನ್ನನ್ನು ಟವೆಲಿನಲ್ಲಿ ಸುತ್ತಿ
ಕೂಸಿನಂತೆ ಎದೆಗವಚಿ ಅಲ್ಲಿವರೆಗೆ ಬರುತ್ತಾನೆ.
ನಾಲ್ಕು ನಾಲ್ಕು ಜನ ಹೋಗಿ, ಅಲುಗಾಡುತ್ತ
ಹೆಬ್ಬೆಟ್ಟು ಒತ್ತುತ್ತೇವೆ.
ಹುರಿ ಎಳೆದೆಳೆದು ನನ್ನವ್ವನ ಬೆರಳಲ್ಲಿ ಗೆರೆಯೇ ಉಳಿದಿಲ್ಲ.
‘ಮತ್ತೊಮ್ಮೆ ಪ್ರಯತ್ನಿಸಿ’ ಅನ್ನುತ್ತದೆ ಒಳಗಿನ ಹೆಣ್ಣುದನಿ.
ಅವ್ವ ಅದಕ್ಕೂ ‘ಆಯ್ತು ಕಣವ್ವ’ ಅನ್ನುತ್ತಾಳೆ.
ಆರನೇ ಸಲಕ್ಕೆ ಅಕ್ಕಿ ಒಪ್ಪಿಕೊಂಡಿತು.
ದಡ ಬರುವವರೆಗೂ ಅವಳು ಬೆರಳನ್ನೇ ನೋಡುತ್ತಿದ್ದಳು.

ಸರ್ವೆಯವರು ಬಂದದ್ದು ಏಪ್ರಿಲ್ಲಿನಲ್ಲಿ.
ನೀರು ತಳ ಹಿಡಿದು, ಕೆಸರು ಬಿರಿದು,
ಹಳೇ ಊರಿನ ಗೋಡೆ ಮೊಣಕಾಲುದ್ದ ಎದ್ದಿತ್ತು.
ಬೂಟು ಕೂಡ ನೆನೆಯದೆ ನಡೆದು ಬಂದರು,
ಮಜ್ಜಿಗೆ ಕುಡಿದರು, ಬರೆದರು:
‘ಕಾಲುದಾರಿ ಇದೆ. ಸೇತುವೆ ಅಗತ್ಯವಿಲ್ಲ.’
ಜುಲೈನಲ್ಲಿ ಆ ದಾರಿಯ ಮೇಲೆ
ಮೂರು ಆಳು ನೀರು.
ಷರಾ ಮಾತ್ರ ಒಣಗಿಯೇ ಇದೆ.

ಬಾಜುದಾರರ ಹೆಸರು ಕೇಳಿದ್ದರಲ್ಲ,
ನಿನ್ನೆ ರಾತ್ರಿ ಅವ್ವನ ಬಳಿ ಕೂತು ಬರೆದುಕೊಂಡೆ:
ಪೂರ್ವಕ್ಕೆ ಕುಂಬಾರ ಜವರನ ಆವಿಗೆ.
ಪಶ್ಚಿಮಕ್ಕೆ ಹುಣಸೆಮರ, ಕೆಳಗೆ ನ್ಯಾಯದ ಕಟ್ಟೆ.
ಉತ್ತರಕ್ಕೆ ಕಾಸೀಮಣ್ಣನ ಬಾವಿ, ನೀರೊಳಗೆ ನೀರು.
ದಕ್ಷಿಣಕ್ಕೆ...
ದಕ್ಷಿಣ ಅವ್ವನಿಗೆ ನೆನಪಾಗಲಿಲ್ಲ.
ದೀಪ ಸಣ್ಣ ಮಾಡಿ ಬಹಳ ಹೊತ್ತು ಕೂತಳು.
ಆ ಕಲಮು ಖಾಲಿ ಬಿಟ್ಟಿದ್ದೇನೆ.
ಖಾಲಿ ಬಿಟ್ಟರೆ ಆಗುತ್ತದಂತೆ.