ಗಿಳಿಪಾಠ

ಈರಿ, ಪೆನ್ಸಿಲ್ವೇನಿಯ. ಎರಡು ಸಾವಿರದ ಮೂರರ ಜನವರಿ.
ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಳುತ್ತಿತ್ತು.
ಅಂಗಡಿಯೊಳಗೆ ಮಾತ್ರ ಕಾಡು:
ಮೂವತ್ತೆಂಟು ಪರದೆಗಳಲ್ಲಿ ಒಂದೇ ಗಿಳಿ
ಒಂದೇ ಗಳಿಗೆಯಲ್ಲಿ ಕತ್ತು ಹೊರಳಿಸುತ್ತಿತ್ತು,
ರೆಕ್ಕೆಯ ಒಂದೊಂದು ಎಳೆಯೂ ಬಿಡಿಬಿಡಿ.

ನನಗೆ ಹತ್ತೊಂಬತ್ತು. ಇಸ್ತ್ರಿಯಿಲ್ಲದ ಕೆಂಪು ಅಂಗಿ,
ಎದೆಯ ಬಿಲ್ಲೆಯ ಮೇಲೆ: ‘ಟ್ರೆವರ್. ಕೇಳಿ, ಹೇಳುತ್ತೇನೆ.’
ಕೇಳಿದ್ದಕ್ಕೆಲ್ಲ ಹೇಳುತ್ತಿದ್ದೆ.
ತಿಳಿದದ್ದನ್ನೇ ಹೇಳುತ್ತಿದ್ದೆ ಎಂದೇನಲ್ಲ.

ಬರ್ನಡೀನ್ ವೊಯ್ಚಿಕ್, ಇಪ್ಪತ್ತಾರು ವರ್ಷ
ಶಾಲೆಯ ಬಸ್ಸು ಓಡಿಸಿದವಳು,
ಬೂಟಿನ ಹಿಮ ಕೊಡವಿ, ಕನ್ನಡಕ ಒರೆಸಿಕೊಂಡು
ಗಿಳಿಯ ಮುಂದೆ ಹತ್ತು ನಿಮಿಷ ನಿಂತಳು.
“ನಮ್ಮ ಕ್ಯಾಸಿಮಿರನ ಕಣ್ಣಿನ ನಡುವೆ
ನಾಣ್ಯದಗಲ ಕಪ್ಪು ಕೂತಿದೆ. ಅಂಚಿನಲ್ಲಷ್ಟೇ ಕಾಣುತ್ತದೆ.
ಹಾಕಿ ಆಟದಲ್ಲಿ ಆ ಕರಿ ಬಿಲ್ಲೆ ಎಲ್ಲಿ ಹೋಯಿತು
ಅಂತ ನನ್ನನ್ನೇ ಕೇಳುತ್ತಾನೆ.
ನನಗೂ ಕಾಣುವುದಿಲ್ಲ, ಸುಮ್ಮನೆ ‘ಎಡಕ್ಕೆ’ ಅನ್ನುತ್ತೇನೆ.
ಇದರಲ್ಲಿ ಕಾಣುತ್ತದಾ?”

ನಾನು ಗಿಳಿಪಾಠ ಒಪ್ಪಿಸಿದೆ:
ಹೈ ಡೆಫಿನಿಷನ್ ರೆಡಿ, ಮೇಡಂ. ಸಾವಿರದ ಎಂಬತ್ತು ಗೆರೆ.
ರೆಡಿ.
ಆಣೆ ಮಾಡುವವನಂತೆ ಇನ್ನೊಮ್ಮೆ ಅಂದೆ.
ಎಲೆ ಹಾಕಿ, ನೀರು ಚಿಮುಕಿಸಿ, ತುದಿಗೆ ಉಪ್ಪಿಟ್ಟರೂ ರೆಡಿಯೇ,
ಅನ್ನ ಬೇರೆ ಊರಿನಲ್ಲಿ ಬೇಯುತ್ತಿದ್ದರೂ.

ಸಾವಿರದ ಒಂಬೈನೂರು ಡಾಲರು.
ಇಬ್ಬರು ಹುಡುಗರು ಟ್ರಕ್ಕಿಗೇರಿಸಿ ಒಯ್ದರು.

ಶುಕ್ರವಾರ ಅವಳೊಬ್ಬಳೇ ವಾಪಸು ಬಂದಳು. ಕೈಯಲ್ಲಿ ಕೈಪಿಡಿ,
ನಲವತ್ತೊಂದನೇ ಪುಟಕ್ಕೆ ಔಷಧದ ಚೀಟಿ ಸಿಕ್ಕಿಸಿತ್ತು.
“ಗಿಳಿ ಎಲ್ಲಿ?”
ಬೈಗುಳವಲ್ಲ. ಬಸ್ಸಿನಲ್ಲಿ ತಲೆ ಎಣಿಸುವಾಗ
ಒಂದು ಮಗು ಕಡಿಮೆ ಬಿದ್ದರೆ ಕೇಳುತ್ತಾರಲ್ಲ, ಹಾಗೆ.

“ಹಳೇ ಟಿವಿಯಲ್ಲಿ ಮಸುಕು ಚಿಕ್ಕದಿತ್ತು,
ಈಗ ಗೋಡೆಯಗಲ. ಇಲ್ಲಿ ಬರೆದಿದೆ,
ಡಿಜಿಟಲ್ ಟ್ಯೂನರ್ ಸೇರಿಲ್ಲ ಅಂತ.
ಮತ್ತೆ ನಾನು ಕೊಂಡದ್ದೇನು?”
“ಅದು… ಮಾನಿಟರ್, ಮೇಡಂ.”
“ರಸೀದಿಯಲ್ಲಿ ಟೆಲಿವಿಷನ್ ಅಂತಿದೆ.”
ಇತ್ತು.

ಮ್ಯಾನೇಜರ್ ಲೊವೆಲ್ ಬಂದ. ಪೆಟ್ಟಿಗೆ ಬೇರೆ, ನಾನೂರೈವತ್ತು.
ಸೂರಿನ ಮೇಲೆ ಆಂಟೆನಾ, ಅದೂ ಬೇರೆ.
ಕೇಬಲ್ಲಾದರೆ ಅವರದೇ ಪೆಟ್ಟಿಗೆ, ಅವರದೇ ಬಾಡಿಗೆ,
ನಿಮ್ಮ ಬೀದಿಗೆ ಇನ್ನೂ ಬಂದಿಲ್ಲ.
ಆನೆ ಮಾರಿ ಅಂಕುಶಕ್ಕೆ ಬೇರೆ ರಸೀದಿ ಹರಿಯುವಾಗ
ಅವನ ದನಿ ಎಷ್ಟು ಮೆತ್ತಗಿತ್ತು.

“ಹಾಗಾದರೆ ಇಲ್ಲಿ ಗಿಳಿ ಬರುವುದು ಎಲ್ಲಿಂದ?”
ನಾನೂ ಅಂದೇ ಮೊದಲು ಯೋಚಿಸಿದ್ದು.
ಲೊವೆಲ್ ಅತ್ತ ಹೋದ ಮೇಲೆ
ಇಬ್ಬರೂ ಗೋಡೆಯ ಹಿಂದೆ ನುಗ್ಗಿದೆವು:
ಧೂಳು, ಸಾಸಿವೆ ಮೆತ್ತಿದ ಸ್ಯಾಂಡ್‌ವಿಚ್ ಕಾಗದ,
ತಂತಿಗಳ ಸಿಕ್ಕುಜಡೆ, ಅದರ ಬುಡದಲ್ಲಿ
ಬೆಚ್ಚಗೆ ಗುಂಯ್‌ಗುಡುತ್ತ ಒಂದು ಕಪ್ಪು ಪೆಟ್ಟಿಗೆ.
ಮೂವತ್ತೆಂಟಕ್ಕೂ ಒಂದೇ.
ಅವಳು ಅದರ ಮೇಲೆ ಅಂಗೈ ಇಟ್ಟಳು,
ಜ್ವರ ನೋಡುವ ಹಾಗೆ.
“ಓ, ಇವನಾ,” ಅಂದಳು.

ಹಿಂದಿರುಗಿಸಿಬಿಡಿ, ನಾನೇ ಬರೆದುಕೊಡುತ್ತೇನೆ, ಅಂದೆ.
ಅವಳು ತಂತಿಗಳನ್ನೇ ನೋಡುತ್ತಿದ್ದಳು.
“ಕ್ಯಾಸಿಮಿರನಿಗೆ ಇನ್ನೂ ಹೇಳಿಲ್ಲ.
ಮಸುಕು ತನ್ನ ಕಣ್ಣಿನದೇ ಅಂದುಕೊಂಡಿದ್ದಾನೆ.
ಎಷ್ಟು ಚೆನ್ನಾದ ಟಿವಿ, ನನ್ನ ಕಣ್ಣೇ ಪಾಪಿ ಅಂತ
ನಿನ್ನೆ ರಾತ್ರಿ ಅದರ ಚೌಕಟ್ಟು ಸವರಿದ.”

ಚೆಕ್ ಪುಸ್ತಕ ತೆಗೆದಳು. ಅವಳ ಪೆನ್ನು ಹೆಪ್ಪುಗಟ್ಟಿತ್ತು,
ನನ್ನದು ಕೊಟ್ಟೆ.
ಪೆಟ್ಟಿಗೆ ಮಾತ್ರ ದಾಸ್ತಾನಿನಲ್ಲಿರಲಿಲ್ಲ.
ಮಾರ್ಚಿಗೆ ಬರಬಹುದು ಎಂದಿತು ಕಂಪ್ಯೂಟರ್.

“ಸರಿ,” ಕೈಗವಸು ಏರಿಸಿಕೊಂಡಳು ಬರ್ನಡೀನ್.
“ಅಲ್ಲಿಯವರೆಗೆ ಎಡಕ್ಕೆ ಅಂತಿರುತ್ತೇನೆ.”